ಬೆಟ್ಟ ಹತ್ತುವವರ ಚೀಲಕ್ಕೆ ಹಗುರ ರಿವಾಲ್ವರ್: ಬೇಕೇ, ಬೇಡವೇ?

ಓದುಗರೇ, ತಲೆಬರಹ ನೋಡಿ ಗಾಬರಿಯಾಗಬೇಡಿ. ಇದೇ ಪುಟಗಳಲ್ಲಿ ಹಾಗಲಕಾಯಿ ಗೊಜ್ಜು, ದಸರಾ ಗೊಂಬೆ, ಮೊಮ್ಮಕ್ಕಳಿಗೆ ಕನ್ನಡ ಕಲಿಸುವ ಬಗೆ ಎಂದೆಲ್ಲ ಬರೆದ ಕೈಯೇ ಇದನ್ನೂ ಬರೆಯುತ್ತಿದೆ. "ಇವರಿಗೇನು ಬಂತು, ಈ ವಯಸ್ಸಿನಲ್ಲಿ ರಿವಾಲ್ವರ್ ಮಾತು?" ಎಂದು ನೀವು ಕೇಳಿದರೆ ತಪ್ಪಲ್ಲ. ನಾನೂ ಹಾಗೆಯೇ ಕೇಳಿದ್ದೆ. ಆದರೆ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂದಾಗ ಉತ್ತರ ಹುಡುಕದೆ ಬೇರೆ ದಾರಿ ಇರಲಿಲ್ಲ. ಹುಡುಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಇಂಥದೇ ಯೋಚನೆ ಬಂದಿದ್ದರೆ, ಹಣ ಕಟ್ಟುವ ಮೊದಲು ಒಮ್ಮೆ ಓದಿ.

ಪ್ರಶ್ನೆ ಹುಟ್ಟಿದ್ದು ಹೀಗೆ

ಅಂಬರನಾಥದಲ್ಲಿ ಇರುವವರಿಗೆ ಬೆಟ್ಟ ಹೊಸದಲ್ಲ. ಮನೆಯ ಬಾಲ್ಕನಿಯಿಂದಲೇ ಮಲಂಗಗಡ ಕಾಣುತ್ತದೆ. ಒಂದು ಕಡೆ ತಾವಳಿ ಗುಡ್ಡ, ಇನ್ನೊಂದು ಕಡೆ ಬದ್ಲಾಪುರ ದಾಟಿದರೆ ಕೊಂಡೇಶ್ವರ, ಚಂದೇರಿ, ಅದರಾಚೆ ಮಾಥೇರಾನ್ ಸಾಲು. 1060ನೇ ಇಸವಿಯ ನಮ್ಮ ಶಿವ ದೇವಾಲಯದ ಹತ್ತಿರ ಬೆಳಗಿನ ಜಾವ ಸೇರಿ, ಭಾನುವಾರಗಳಲ್ಲಿ ಒಂದೊಂದು ಕಡೆ ಹೋಗಿಬರುವ ಐದು ಜನ ಹೆಂಗಸರ ಗುಂಪು ನಮ್ಮದು. ಐವತ್ತು ದಾಟಿದವರೇ ಎಲ್ಲ. ಮಂಡಿನೋವಿಗೆಂದು ಶುರುವಾದ ನಡಿಗೆ, ಆಮೇಲೆ ಮನಸ್ಸಿನ ನೋವಿಗೂ ಔಷಧವಾಯಿತು ಅನ್ನಿ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಗುಡ್ಡ ಇಳಿದು ಡಾಂಬರು ರಸ್ತೆಗೆ ಬಂದಿದ್ದೆವು. ನಮ್ಮ ಗುಂಪಿನ ಧಾರವಾಡದ ಗೆಳತಿ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ಅವರ ಮಾಂಗಲ್ಯದ ಸರ ಕಿತ್ತುಕೊಂಡು ಹೋದರು. ಕುತ್ತಿಗೆಯ ಮೇಲೆ ಉದ್ದಕ್ಕೆ ಗೀರು ಗಾಯ. ನಾವು ಕೂಗುವುದರೊಳಗೆ ಬೈಕು ತಿರುವಿನಲ್ಲಿ ಮಾಯ. ದೂರು ಕೊಟ್ಟೆವು, ಸರ ಸಿಗಲಿಲ್ಲ.

ಸರ ಹೋದದ್ದಕ್ಕಿಂತ ಹೆಚ್ಚಾಗಿ ಹೋದದ್ದು ಧೈರ್ಯ. ಆ ಗೆಳತಿ ಬರುವುದನ್ನು ನಿಲ್ಲಿಸಿದರು. ಅವರನ್ನು ನೋಡಿ ಇನ್ನೊಬ್ಬರ ಮನೆಯಲ್ಲಿಯೂ "ಬೇಡ" ಎಂದರು. ಐದು ಜನ ಇದ್ದವರು ಮೂವರಾದೆವು. ಎರಡು ತಿಂಗಳು ಕಳೆದ ಮೇಲೆ ಅವರು ಒಂದು ಸಂಜೆ ನಮ್ಮ ಮನೆಗೆ ಬಂದು ಹೇಳಿದರು:

"ಅಕ್ಕಾ, ನಿಮ್ಮ ಮನಿಯವರು ಫ್ಯಾಕ್ಟರಿಯಾಗ ಇದ್ದವರು. ಚೀಲದಾಗ ಇಟ್ಟುಕೊಳ್ಳೂ ಅಂಥಾದ್ದು, ಹಗುರಂದು ಒಂದು ರಿವಾಲ್ವರ್ ಯಾವುದು ಚಲೋ ಅಂತ ಕೇಳ್ರಿ. ಅದು ಇದ್ರ ನಾ ಮತ್ತ ಗುಡ್ಡಕ್ಕ ಬರ್ತೀನಿ."

ನಮ್ಮ ಯಜಮಾನರು ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಇದ್ದು ನಿವೃತ್ತರಾದವರು. ಅವರು ನಕ್ಕು, "ನಮ್ಮಲ್ಲಿ ಹಿತ್ತಾಳೆಯ ಕೆಲಸ ಕಣಮ್ಮ. ತೋಟೆಗೆ ಬೇಕಾಗುವ ಹಿತ್ತಾಳೆ ಇಲ್ಲಿಂದ ಹೋಗುತ್ತಿತ್ತು. ರಿವಾಲ್ವರ್ ಮಾಡುವುದು ಕಾನ್ಪುರದಲ್ಲಿ" ಎಂದರು. ಆದರೂ ಇಂಗ್ಲಿಷ್ ಬಿ.ಎ. ಓದಿದ ತಪ್ಪಿಗೆ ಕಾಯಿದೆ, ಅರ್ಜಿ ಎಲ್ಲ ಓದಿ ಹೇಳುವ ಕೆಲಸ ನನ್ನ ಪಾಲಿಗೇ ಬಂತು.

ಯಾವುದು ಎಷ್ಟು ಭಾರ?

ಮೊದಲು ತಿಳಿಯಬೇಕಾದದ್ದು, ನಮ್ಮ ದೇಶದಲ್ಲಿ ಅಂಗಡಿಗೆ ಹೋಗಿ ಇಷ್ಟ ಬಂದ ವಿದೇಶೀ ರಿವಾಲ್ವರ್ ಆರಿಸುವಂತಿಲ್ಲ. ಸಾಮಾನ್ಯ ಜನ ವಿದೇಶದಿಂದ ಬಂದೂಕು ತರಿಸಿಕೊಳ್ಳುವುದು 1980ರ ದಶಕದ ನಡುವಿನಿಂದಲೇ ನಿಂತುಹೋಗಿದೆ. ಹಾಗಾಗಿ ಆಯ್ಕೆ ಮುಖ್ಯವಾಗಿ ಇಲ್ಲೇ ತಯಾರಾದವುಗಳ ನಡುವೆ. ಸರ್ಕಾರಿ ಕಾರ್ಖಾನೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ 2021ರ ಅಕ್ಟೋಬರ್ 1ರಂದು ಮುಚ್ಚಿ ಏಳು ಕಂಪನಿಗಳಾದವು. ನಮ್ಮ ಊರಿನ ಆರ್ಡ್‌ನೆನ್ಸ್ ಫ್ಯಾಕ್ಟರಿ ಯಂತ್ರ ಇಂಡಿಯಾ ಲಿಮಿಟೆಡ್‌ಗೆ ಸೇರಿತು. ಕಾನ್ಪುರದ ಬಂದೂಕು ಕಾರ್ಖಾನೆಗಳು ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಎಂಬ ಕಂಪನಿಗೆ ಸೇರಿದವು.

ಬಹಳ ಕಾಲದಿಂದ ಬಂದಿರುವುದು .32 ಬೋರಿನ, ಆರು ಗುಂಡಿನ ರಿವಾಲ್ವರ್. ಹಳೆಯ ಬ್ರಿಟಿಷ್ ವೆಬ್ಲಿಯ ಮಾದರಿಯದು, ನಡುವೆ ಮುರಿದ ಹಾಗೆ ಬಾಗಿಸಿ ಗುಂಡು ತುಂಬಬೇಕು. ತೂಕ ಸುಮಾರು 700 ಗ್ರಾಂ. 2014ರ ಜನವರಿಯಲ್ಲಿ 'ನಿರ್ಭೀಕ್' ಬಂತು. 2012ರ ಡಿಸೆಂಬರಿನ ದೆಹಲಿಯ ಘಟನೆಯ ನಂತರ, ಹೆಂಗಸರ ಕೈಚೀಲಕ್ಕೆಂದೇ ಮಾಡಿದ್ದೆಂದು ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು, ನಿಮಗೂ ನೆನಪಿರಬಹುದು. ಟೈಟೇನಿಯಂ ಮಿಶ್ರಲೋಹದ್ದು, ಅದೇ .32 ಬೋರು, ತೂಕ 500 ಗ್ರಾಂ, ಆಗಿನ ಬೆಲೆ ಸುಮಾರು 1,22,000 ರೂಪಾಯಿ. ಇನ್ನೂ ಹಗುರ ಬೇಕೆಂದರೆ ಇಷಾಪುರದ ರೈಫಲ್ ಫ್ಯಾಕ್ಟರಿಯವರು ಮಾಡಿದ 'ನಿಡರ್', .22 ಬೋರು, ಸುಮಾರು 250 ಗ್ರಾಂ. 2023ರ ಆಗಸ್ಟಿನಲ್ಲಿ ಕಾನ್ಪುರದಿಂದ 'ಪ್ರಬಲ್' ಹೊರಬಂತು. ಇದರ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ನಳಿಗೆ 76 ಮಿಲಿಮೀಟರ್, 50 ಮೀಟರ್ ದೂರಕ್ಕೂ ಗುರಿ ಮುಟ್ಟುತ್ತದೆನ್ನುತ್ತಾರೆ, ತೂಕ ಮತ್ತೆ ಸುಮಾರು 700 ಗ್ರಾಂ.

ಪಿಸ್ತೂಲು ಬಿಟ್ಟು ರಿವಾಲ್ವರನ್ನೇ ಜನ ಯಾಕೆ ಕೇಳುತ್ತಾರೆ ಎಂಬುದಕ್ಕೂ ಕಾರಣವಿದೆ. ಪಿಸ್ತೂಲಿನಲ್ಲಿ ಒಂದು ಗುಂಡು ಹಾರದೆ ಕೈಕೊಟ್ಟರೆ ಅದನ್ನು ಹೊರಗೆಳೆದು ಹಾಕಬೇಕು, ಅಭ್ಯಾಸ ಬೇಕು. ರಿವಾಲ್ವರಿನಲ್ಲಿ ಮತ್ತೊಮ್ಮೆ ಕುದುರೆ ಎಳೆದರೆ ಸಿಲಿಂಡರ್ ತಿರುಗಿ ಮುಂದಿನ ಗುಂಡು ಬರುತ್ತದೆ. ಕೆಲಸ ಸರಳ, ಮರೆಯುವುದು ಕಡಿಮೆ. ಹೆಚ್ಚು ಬಳಸದವರಿಗೆ ಇದು ಅನುಕೂಲ ಎಂಬುದು ನಿಜವೇ.

ಹಗುರದ ಗುಟ್ಟು

ಇಷ್ಟು ಓದಿದ ಮೇಲೆ ನಾನು ಗೆಳತಿಗೆ, "ನಿರ್ಭೀಕ್ ನೋಡಿ, ಅರ್ಧ ಕೆಜಿ" ಎಂದು ಹೇಳಿಬಿಡುವವಳಿದ್ದೆ. ಯಜಮಾನರು ತಡೆದು, "ಹಗುರ ಆದಷ್ಟೂ ಒದೆಯುತ್ತದೆ" ಎಂದರು.

ಇದು ಅಡುಗೆಮನೆಯಲ್ಲಿಯೂ ಅರ್ಥವಾಗುವ ಮಾತು. ಭಾರದ ಒರಳಿನಲ್ಲಿ ಕುಟ್ಟಿದರೆ ಒರಳು ಕದಲುವುದಿಲ್ಲ. ಚಿಕ್ಕ ಕುಟ್ಟಾಣಿ ಕುಣಿಯುತ್ತದೆ. .32ರ ಗುಂಡಿನ ತೂಕ ಸುಮಾರು ಆರೂವರೆ ಗ್ರಾಂ, ಅದು ಸೆಕೆಂಡಿಗೆ 200 ಮೀಟರಿಗೂ ಹೆಚ್ಚು ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಅಷ್ಟೇ ಬಲ ಹಿಂದಕ್ಕೆ, ನಮ್ಮ ಕೈಗೆ. ಗುಂಡು ಅದೇ ಇದ್ದು ರಿವಾಲ್ವರ್ 700 ಗ್ರಾಮಿನಿಂದ 500 ಗ್ರಾಮಿಗೆ ಇಳಿದರೆ, ಅದು ಹಿಂದಕ್ಕೆ ಚಿಮ್ಮುವ ವೇಗ ನೂರಕ್ಕೆ ನಲವತ್ತರಷ್ಟು ಏರುತ್ತದೆ. .32 ಸೌಮ್ಯವಾದ ಗುಂಡೇ, ಹಾಗಾಗಿ ಕೈ ಮುರಿಯುವುದಿಲ್ಲ. ಆದರೆ ಎರಡನೆಯ ಈಡಿಗೆ ಗುರಿ ತಪ್ಪುತ್ತದೆ. .22ರ ಗುಂಡಿಗೆ ಒದೆತ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಏಟಿನ ಬಲವೂ ಕಡಿಮೆ.

ಇನ್ನೊಂದು ವಿಷಯ. ಚಿಕ್ಕ ರಿವಾಲ್ವರಿಗೆ ನಳಿಗೆ ಗಿಡ್ಡ. ಗುರಿ ನೋಡುವ ಹಿಂದಿನ ಗುರುತು, ಮುಂದಿನ ಗುರುತು ಎರಡೂ ಹತ್ತಿರ ಹತ್ತಿರ. ಕೈ ಕೂದಲೆಳೆಯಷ್ಟು ಅಲುಗಿದರೂ ಹತ್ತು ಹೆಜ್ಜೆ ಆಚೆ ಗುಂಡು ಎಲ್ಲೋ ಹೋಗುತ್ತದೆ. ಹಾಗಾದರೆ ಹಗುರದ್ದನ್ನು ಕೊಂಡವರು ಭಾರದ್ದನ್ನು ಕೊಂಡವರಿಗಿಂತ ಹೆಚ್ಚು ಅಭ್ಯಾಸ ಮಾಡಬೇಕು ಎಂದಾಯಿತು. ಹಗುರ ಎಂಬುದು ಹೊರುವಾಗಿನ ಸುಖ, ಹಾರಿಸುವಾಗಿನ ಕಷ್ಟ.

ಅಮೆರಿಕದ ಕೊಲೊರಾಡೋದಲ್ಲಿರುವ ನನ್ನ ಅಕ್ಕನ ಮಗನಿಗೂ ಫೋನು ಮಾಡಿ ಕೇಳಿದೆ. ಅವನಿಗೆ ಬೆಟ್ಟ ಹತ್ತುವ ಹುಚ್ಚು. ಅಲ್ಲಿ 400 ಗ್ರಾಂ ಆಸುಪಾಸಿನ ರಿವಾಲ್ವರ್‌ಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವವರು ಇದ್ದಾರಂತೆ. 2010ರ ಫೆಬ್ರುವರಿಯಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಿಗೂ, ಆಯಾ ರಾಜ್ಯದ ಕಾನೂನು ಒಪ್ಪಿದರೆ, ಬಂದೂಕು ಒಯ್ಯಬಹುದು. "ಹಾಗಾದರೆ ನೀನು ಯಾವುದನ್ನು ಒಯ್ಯುತ್ತೀಯೋ?" ಎಂದೆ. "ಚಿಕ್ಕಮ್ಮಾ, ನಾನು ಒಯ್ಯುವುದು ಕರಡಿಗೆ ಎರಚುವ ಮೆಣಸಿನ ಸ್ಪ್ರೇ" ಎಂದ. ಅದಕ್ಕೆ ಆಧಾರವೂ ಇದೆ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಅಲಾಸ್ಕಾದ ಕರಡಿ ಪ್ರಕರಣಗಳನ್ನು ಕಲೆಹಾಕಿ 2008ರಲ್ಲಿ ಬರೆದ ಪ್ರಕಾರ, ಕಂದು ಕರಡಿಗೆ ಸ್ಪ್ರೇ ಹೊಡೆದಾಗ ನೂರಕ್ಕೆ 92 ಸಲ ಅದು ತನ್ನ ಉಪದ್ರವ ನಿಲ್ಲಿಸಿತ್ತು. 2012ರಲ್ಲಿ ಅವರೇ ಬಂದೂಕಿನ ಪ್ರಕರಣಗಳನ್ನು ನೋಡಿದಾಗ, ಬಂದೂಕು ಹಾರಿಸಿದವರಿಗೂ ಹಾರಿಸದವರಿಗೂ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕರಡಿಯ ದೇಶದಲ್ಲೇ ಹೀಗೆ. ನಮ್ಮ ಮಲಂಗಗಡದಲ್ಲಿ ಕರಡಿಯಿಲ್ಲ. ಕರಡಿ ನೋಡಬೇಕೆಂದರೆ ಹಂಪಿಯ ಹತ್ತಿರದ ದರೋಜಿಗೆ ಹೋಗಬೇಕು!

ಪರವಾನಗಿ ಎಂಬ ಮೊದಲ ಬೆಟ್ಟ

1959ರ ಶಸ್ತ್ರಾಸ್ತ್ರ ಕಾಯಿದೆ ಮತ್ತು 2016ರ ನಿಯಮಗಳು ಇದಕ್ಕೆ ಆಧಾರ. 21 ವರ್ಷ ತುಂಬಿರಬೇಕು. ನಮ್ಮ ಅಂಬರನಾಥ, ಬದ್ಲಾಪುರ, ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿ ಎಲ್ಲ ಠಾಣೆ ಪೊಲೀಸ್ ಕಮಿಷನರ ವ್ಯಾಪ್ತಿಗೆ ಬರುವುದರಿಂದ ಅರ್ಜಿ ಅವರಿಗೇ. ಕಮಿಷನರ್ ಇಲ್ಲದ ಕಡೆ ಜಿಲ್ಲಾಧಿಕಾರಿಗೆ. ಏಕೆ ಬೇಕು, ಜೀವಕ್ಕೆ ಏನು ಭಯ ಎಂಬುದನ್ನು ಬರೆಯಬೇಕು. ಪೊಲೀಸರು ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ವೈದ್ಯರ ಪ್ರಮಾಣಪತ್ರ ಬೇಕು, ಬಂದೂಕನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರವೂ ಬೇಕು. ಮನೆಯಲ್ಲಿ ಬೀಗ ಹಾಕಿ ಇಡುವ ವ್ಯವಸ್ಥೆ ಇರಬೇಕು. ಇಷ್ಟೆಲ್ಲ ಮಾಡಿದರೂ ಕೊಡಲೇಬೇಕೆಂದಿಲ್ಲ. ಅಮೆರಿಕದ ಸಂವಿಧಾನದಲ್ಲಿ ಇರುವಂತೆ ಬಂದೂಕು ಇಟ್ಟುಕೊಳ್ಳುವುದು ನಮ್ಮಲ್ಲಿ ಮೂಲಭೂತ ಹಕ್ಕಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಡುವಂತಿಲ್ಲ, ಪರವಾನಗಿ ಐದು ವರ್ಷಕ್ಕೆ ಸಿಗುತ್ತದೆ. "ಗುಡ್ಡ ಹತ್ತಲಿಕ್ಕೆ" ಎಂದು ಬರೆದರೆ ಅರ್ಜಿ ಓದುವ ಅಧಿಕಾರಿ ಏನೆನ್ನಬಹುದು, ನೀವೇ ಊಹಿಸಿ.

"ನಮ್ಮ ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ?" ಎಂದು ಸಂಘದಲ್ಲಿ ಒಬ್ಬರು ಕೇಳಿದರು. ನಿಜ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡಿದವರಿಗೆ ಮಾತ್ರ. 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದರು, 2021ರಲ್ಲಿ ಕರ್ನಾಟಕ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್ ಪೋಳ್ದಿನಲ್ಲಿ ಕೋವಿಗೆ ಪೂಜೆ ಮಾಡುವ ಜನ ಅವರು. ಅಂಬರನಾಥದ ಫ್ಲ್ಯಾಟಿನಲ್ಲಿ ಇರುವ ನಮಗೂ ನಿಮಗೂ ಅದು ಅನ್ವಯಿಸುವುದಿಲ್ಲ.

ಪರವಾನಗಿ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಕೋಟೆಗಳೆಲ್ಲ ಎಲ್ಲಿವೆ? ಕರ್ನಾಳಾ ಕೋಟೆ ಪಕ್ಷಿಧಾಮದೊಳಗೆ. ಭೀಮಾಶಂಕರ ಅಭಯಾರಣ್ಯ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1,646 ಮೀಟರು, ಅದೂ ಅಭಯಾರಣ್ಯದೊಳಗೇ. 1972ರ ವನ್ಯಜೀವಿ ಕಾಯಿದೆಯ 31ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ವಾರ್ಡನರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಮೊದಲೇ ಪಡೆಯದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವುದು ಅಪರಾಧ. ಪರವಾನಗಿ ಜೇಬಿನಲ್ಲಿದ್ದರೂ ಅಪರಾಧವೇ. ಯಾವ ಕಾಡಿಗೆ ಹೆದರಿ ಕೊಂಡಿರೋ, ಆ ಕಾಡಿನ ಬಾಗಿಲಲ್ಲೇ ಅದನ್ನು ಬಿಡಬೇಕು.

ಯಾರ ಭಯ, ಯಾವುದರ ಭಯ?

ಚಿರತೆಯ ಮಾತು ಸುಳ್ಳಲ್ಲ. 2019ರ ಜನವರಿಯಲ್ಲಿ ಉಲ್ಹಾಸನಗರದ ಬಂಗಲೆಯೊಂದರಲ್ಲಿ ಸಿಕ್ಕಿತು. 2022ರ ನವೆಂಬರಿನಲ್ಲಿ ಕಲ್ಯಾಣ ಪೂರ್ವದ ಕಟ್ಟಡವೊಂದಕ್ಕೆ ನುಗ್ಗಿ ಕೆಲವರನ್ನು ಗಾಯಗೊಳಿಸಿತು. ಗಮನಿಸಿ, ಎರಡೂ ಸಲ ಅದು ಊರೊಳಗೇ ಬಂದಿತ್ತು. ಕಾಡಿನಲ್ಲಿ ಅದು ನಮ್ಮನ್ನು ಕಂಡರೆ ಸಾಮಾನ್ಯವಾಗಿ ಸರಿದುಹೋಗುತ್ತದೆ. ಎದುರಾದರೆ ಓಡಬಾರದು, ಕೂರಬಾರದು, ಬಗ್ಗಬಾರದು. ನೆಟ್ಟಗೆ ನಿಂತು, ಕೈ ಮೇಲೆತ್ತಿ, ಗಟ್ಟಿಯಾಗಿ ಮಾತಾಡುತ್ತ ನಿಧಾನ ಹಿಂದೆ ಸರಿಯಬೇಕು. ನಿಜವಾಗಿ ಮೈಮೇಲೆ ಬಿದ್ದರೆ, ಪ್ರಾಣ ಉಳಿಸಿಕೊಳ್ಳಲು ಒಳ್ಳೆಯ ನಂಬಿಕೆಯಿಂದ ಅದನ್ನು ಹೊಡೆದದ್ದು ಅಪರಾಧವಲ್ಲ ಎಂದು ಅದೇ ಕಾಯಿದೆಯ 11ನೇ ಕಲಮು ಹೇಳುತ್ತದೆ. ಆದರೆ ಹಿಂದಿನಿಂದ ಬರುವ ಪ್ರಾಣಿಗೆ ಚೀಲದೊಳಗಿನ ರಿವಾಲ್ವರ್ ಏನು ಮಾಡೀತು?

ಇನ್ನು ಸರಗಳ್ಳರು. ಹೊಸ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ಅದರಲ್ಲಿ ಕಿತ್ತುಕೊಂಡು ಓಡುವುದಕ್ಕೆಂದೇ 304ನೇ ಕಲಮು ಇದೆ. ಆತ್ಮರಕ್ಷಣೆಯ ಹಕ್ಕೂ ಇದೆ. ಆದರೆ ಆಸ್ತಿ ಉಳಿಸಿಕೊಳ್ಳಲು ಪ್ರಾಣ ತೆಗೆಯುವವರೆಗೆ ಹೋಗಬೇಕಾದರೆ, ಅದು ದರೋಡೆಯಂಥದ್ದಾಗಿರಬೇಕು, ಅಥವಾ ಸಾವು ಇಲ್ಲವೆ ಘೋರ ಗಾಯದ ಭಯ ನ್ಯಾಯವಾಗಿಯೇ ಇರಬೇಕು. ಸರ ಕಿತ್ತುಕೊಂಡು ಬೆನ್ನು ತೋರಿಸಿ ಹೋಗುತ್ತಿರುವವನಿಗೆ ಗುಂಡು ಹೊಡೆದರೆ ಕಟಕಟೆಯಲ್ಲಿ ನಿಲ್ಲುವವರು ನಾವು. ಆ ಗುಂಡು ತಪ್ಪಿ ಹಾಲಿನ ಹುಡುಗನಿಗೆ ತಗಲಿದರೆ? ಅಂಬರನಾಥದ ಬೆಳಗಿನ ರಸ್ತೆ ಎಂದಾದರೂ ಖಾಲಿ ಇರುತ್ತದೆಯೇ?

ನಿಜಕ್ಕೂ ನಮ್ಮ ಬೆಟ್ಟಗಳಲ್ಲಿ ಅಪಾಯ ತರುವುದು ಬೇರೆಯೇ. ಮಳೆಗಾಲದಲ್ಲಿ ಕೊಂಡೇಶ್ವರದಂಥ ಕಡೆ ನೀರಿಗೆ ಇಳಿಯುವುದು, ಪಾಚಿಗಟ್ಟಿದ ಬಂಡೆ, ಏಪ್ರಿಲ್ ಮೇ ತಿಂಗಳ ಬಿಸಿಲು, ಕೋಟೆಯ ಗೋಡೆಯ ಹೆಜ್ಜೇನು, ಕಲ್ಲಿನ ಸಂದಿಯ ಹಾವು. ಮರಾಠಿಯವರು ಫುರ್ಸೆ ಎನ್ನುವ ಚಿಕ್ಕ ಮಂಡಲದ ಹಾವು ಈ ಕಡೆ ಸಾಮಾನ್ಯ. ಚೇಳೂ ಕಡಿಮೆಯಲ್ಲ. ರಾಯಗಡ ಜಿಲ್ಲೆಯ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಕೆಂಪು ಚೇಳಿನ ಕಡಿತಕ್ಕೆ ಪ್ರಾಜೋಸಿನ್ ಮಾತ್ರೆಯ ಚಿಕಿತ್ಸೆ ಕೊಟ್ಟು ಎಷ್ಟೋ ಜೀವ ಉಳಿಸಿ 2022ರಲ್ಲಿ ಪದ್ಮಶ್ರೀ ಪಡೆದದ್ದು ನಿಮಗೆ ಗೊತ್ತಿರಬಹುದು. ಇವುಗಳಲ್ಲಿ ಯಾವುದಕ್ಕೆ ರಿವಾಲ್ವರ್ ಹಾರಿಸುತ್ತೀರಿ?

ತೊಗರಿಬೇಳೆ ಪರೀಕ್ಷೆ

ಇಷ್ಟು ಹೇಳಿದರೂ ನಮ್ಮ ಗೆಳತಿ ಒಪ್ಪಲಿಲ್ಲ. "ಅಕ್ಕಾ, ಇವೆಲ್ಲಾ ಪುಸ್ತಕದ ಮಾತು" ಎಂದರು. ಸರಿ, ಹಾಗಾದರೆ ಮಾಡಿಯೇ ನೋಡೋಣ ಎಂದೆ. ಅರ್ಧ ಕೆಜಿ ತೊಗರಿಬೇಳೆಯ ಪೊಟ್ಟಣವನ್ನು ನಿರ್ಭೀಕ್ ಎಂದುಕೊಂಡು ಅವರ ಬೆನ್ನುಚೀಲಕ್ಕೆ ಹಾಕಿದೆ. ಕಟ್ಟಡದ ಗಚ್ಚಿಯ ಮೇಲೆ, ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ಕಳ್ಳಿಯಾಗಿ ನಾನು. ನಾನು ಹೆಜ್ಜೆ ಇಟ್ಟ ಕೂಡಲೆ ಅವರು ಪೊಟ್ಟಣ ತೆಗೆದು ಕೈ ಚಾಚಿ ಹಿಡಿಯಬೇಕು.

ನನ್ನದು ಮಂಡಿನೋವಿನ ನಡಿಗೆ. ಆದರೂ ನಾನು ಹೋಗಿ ಅವರ ಸೆರಗು ಹಿಡಿದಾಗ ಅವರು ಇನ್ನೂ ಚೀಲದ ಜಿಪ್ಪಿನ ಜೊತೆ ಹೋರಾಡುತ್ತಿದ್ದರು. ಎರಡನೆಯ ಸಲ ಜಿಪ್ಪು ತೆರೆದಿಟ್ಟುಕೊಂಡರು. ಕೈಗೆ ಮೊದಲು ನೀರಿನ ಬಾಟಲಿ ಬಂತು. ಮೂರನೆಯ ಸಲ ಪೊಟ್ಟಣ ಸಿಕ್ಕಿತು, ಚಾಚಿದ ಕೈ ಎಣಿಸಿ ಇಪ್ಪತ್ತಾಗುವುದರೊಳಗೆ ನಡುಗತೊಡಗಿತು. ಇಬ್ಬರೂ ನಕ್ಕು ನಕ್ಕು ಕುಳಿತುಬಿಟ್ಟೆವು. ಆಮೇಲೆ ಓದಿದೆ, ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ 1983ರಲ್ಲೇ ಇದನ್ನು ಬರೆದಿದ್ದಾರಂತೆ. ಇಪ್ಪತ್ತೊಂದು ಅಡಿ ದೂರದಿಂದ ಓಡಿಬರುವವನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮೈಮೇಲೆ ಬೀಳುತ್ತಾನೆ. ಪಳಗಿದ ಪೊಲೀಸನಿಗೂ ಸೊಂಟದಿಂದ ತೆಗೆದು ಹಾರಿಸಲು ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕು. ಬೈಕಿನಲ್ಲಿ ಬಂದವನ ಲೆಕ್ಕ ಇನ್ನು ಬೇಡ.

ಅಮ್ಮನ ಎಡಗಿವಿ

ಗಚ್ಚಿಯಿಂದ ಇಳಿದು ಬಂದು ಚಹಾ ಕುಡಿಯುವಾಗ ನಾನು ಅವರಿಗೆ ಒಂದು ಮಾತು ಹೇಳಿದೆ. ಅದನ್ನು ಈವರೆಗೆ ಹೊರಗೆ ಹೇಳಿರಲಿಲ್ಲ. ನಿಮಗೂ ಹೇಳುತ್ತೇನೆ.

ನನ್ನ ತವರು ಕೊಪ್ಪದ ಕಡೆ, ಅಡಿಕೆ ತೋಟದ ನಡುವೆ. ಹಂದಿ, ಮಂಗಗಳ ಕಾಟಕ್ಕೆ ಅಪ್ಪಯ್ಯ ಪರವಾನಗಿ ಇದ್ದ ತೋಟೆ ಕೋವಿ ಇಟ್ಟಿದ್ದರು. ಬಹಳ ಜಾಗ್ರತೆಯ ಮನುಷ್ಯ. ಕೋವಿ ಒರಗಿಸುವ ಮೊದಲು ತೋಟೆ ತೆಗೆದು ಎಣಿಸಿ ಡಬ್ಬಿಗೆ ಹಾಕುವರು. ನನಗೆ ಒಂಬತ್ತು ವರ್ಷವಿದ್ದಾಗ, ಒಂದು ರಾತ್ರಿ ಗದ್ದೆ ಕಾದು ಬೆಳಗಿನ ಜಾವ ಬಂದವರು ಜ್ವರದಲ್ಲಿ ಹಾಗೆಯೇ ಮೂಲೆಗೆ ಒರಗಿಸಿ ಮಲಗಿದರು. ಒಂದೇ ಒಂದು ದಿನದ ಮರೆವು. ಆರು ವರ್ಷದ ತಮ್ಮ ಅದನ್ನು ಎಳೆದಾಡಿದ. ಈಡು ಹಾರಿತು.

ಚರೆ ಮಾಡಿನ ಹೆಂಚು ಒಡೆದು ಹೋಯಿತು. ಯಾರಿಗೂ ತಗಲಲಿಲ್ಲ, ದೇವರು ದೊಡ್ಡವನು ಎಂದರು ಊರವರು. ಆದರೆ ಪಕ್ಕದಲ್ಲೇ ಮಜ್ಜಿಗೆ ಕಡೆಯುತ್ತ ಕುಳಿತಿದ್ದ ಅಮ್ಮನ ಎಡಗಿವಿ ಅಂದಿನಿಂದ ಕೇಳಿಸಲಿಲ್ಲ. ತೀರಿಹೋಗುವವರೆಗೂ ಯಾರಾದರೂ ಮಾತಾಡಿಸಿದರೆ ಅಮ್ಮ ಬಲಕ್ಕೆ ತಿರುಗುತ್ತಿದ್ದಳು. ಅಪ್ಪಯ್ಯ ತಮ್ಮನನ್ನು ಬಯ್ಯಲಿಲ್ಲ. ಕೋವಿಯನ್ನೂ ಬಿಡಲಿಲ್ಲ, ಹಂದಿ ಬರುವುದು ನಿಲ್ಲಲಿಲ್ಲವಲ್ಲ. ತೋಟೆಯ ಡಬ್ಬಿಯನ್ನು ಅಕ್ಕಿ ಕಣಜದ ಹತ್ತಿರ ಬೇರೆ ಬೀಗದಲ್ಲಿ ಇಡತೊಡಗಿದರು. ಅಮ್ಮನ ಎಡಗಡೆ ಕೂರುವುದನ್ನು ಮಾತ್ರ ಬಿಟ್ಟರು.

ನಾನು ಕೋವಿಯ ವಿರೋಧಿಯಲ್ಲ. ತೋಟದವರಿಗೆ ಅದರ ಕೆಲಸ ಇದೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಲು ಹೇಳಿದರೆ ಮಲೆನಾಡಿನವರು ಗೊಣಗುವುದೂ ನ್ಯಾಯವೇ. ಆದರೆ ವರ್ಷದ ಮುನ್ನೂರ ಅರವತ್ತೈದು ದಿನವೂ ಮರೆಯದಂತೆ ಇರಬಲ್ಲೆನೇ ಎಂದು ನಾವು ಕೇಳಿಕೊಳ್ಳಬೇಕು. ಭಾನುವಾರ ಎರಡು ಗಂಟೆ ಗುಡ್ಡಕ್ಕೆ ಒಯ್ಯುವ ಆ ವಸ್ತು ಉಳಿದ ಹೊತ್ತೆಲ್ಲ ಇರುವುದು ಮೊಮ್ಮಕ್ಕಳು ಓಡಾಡುವ ಎರಡು ಕೋಣೆಯ ಮನೆಯಲ್ಲಿ.

ಹಾಗಾದರೆ ಚೀಲದಲ್ಲಿ ಏನಿರಲಿ?

ನಾವು ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ. ಚಿನ್ನ ಮನೆಯಲ್ಲಿ, ಕೊರಳಿಗೆ ಕರಿಮಣಿ ಮಾತ್ರ. ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ಹೋಗುವುದಿಲ್ಲ, ಯಾರೂ ಹಿಂದೆ ಉಳಿಯುವುದಿಲ್ಲ. ನಿಧಾನ ನಡೆಯುವವರೇ ಮುಂದೆ. ಬೆಳಕು ಹರಿದ ಮೇಲೆ ಹೊರಟು ಬಿಸಿಲೇರುವ ಮೊದಲು ಇಳಿಯುವುದು. ಒಬ್ಬೊಬ್ಬರಿಗೂ ಕೊರಳಲ್ಲಿ ಸೀಟಿ, ಕೈಯಲ್ಲಿ ಬಿದಿರಿನ ಕೋಲು. ಕೋಲು ಮಂಡಿಗೂ ಆಯಿತು, ಹುಲ್ಲು ತಟ್ಟಿ ಹಾವು ಸರಿಸಲಿಕ್ಕೂ ಆಯಿತು, ನಾಯಿಗೂ ಆಯಿತು. ಒಂದು ಟಾರ್ಚು, ಎರಡು ಲೀಟರ್ ನೀರು, ಉಪ್ಪು ಸಕ್ಕರೆಯ ಪೊಟ್ಟಣ, ಅಗಲ ಬ್ಯಾಂಡೇಜು, ತುಂಬ ಚಾರ್ಜಾದ ಫೋನು. ಎಲ್ಲಿಗೆ ಹೋಗುತ್ತೇವೆ, ಎಷ್ಟಕ್ಕೆ ಬರುತ್ತೇವೆ ಎಂದು ಮನೆಯ ಫ್ರಿಜ್ಜಿನ ಮೇಲೆ ಚೀಟಿ. ತುರ್ತಿಗೆ 112, ಕಾಡುಪ್ರಾಣಿ ಕಂಡರೆ ಅರಣ್ಯ ಇಲಾಖೆಯ 1926. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಕೈಕಾಲು ಅಲುಗಿಸದೆ ಬೇಗ ಆಸ್ಪತ್ರೆಗೆ.

ಮೆಣಸಿನ ಸ್ಪ್ರೇ ಬೇಕೆಂದರೆ ಇಟ್ಟುಕೊಳ್ಳಬಹುದು, ಪರವಾನಗಿ ಬೇಡ, ತೂಕ ನಿಂಬೆಹಣ್ಣಿನಷ್ಟು. ಚೀಲದೊಳಗಲ್ಲ, ಕೈಗೆ ಸಿಗುವಂತೆ ಇರಬೇಕು. ಗಾಳಿಗೆ ಎದುರಾಗಿ ಹೊಡೆದರೆ ನಮ್ಮ ಕಣ್ಣಿಗೇ. ಅದನ್ನೂ ಆಟದ ಸಾಮಾನು ಎಂದುಕೊಳ್ಳಬೇಡಿ. 2024ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ, ಪ್ರಾಣಭಯವಿಲ್ಲದೆ ಅದನ್ನು ಬಳಸಿದವರ ಮೇಲಿನ ಮೊಕದ್ದಮೆ ರದ್ದು ಮಾಡಲು ನ್ಯಾಯಾಲಯ ಒಪ್ಪಲಿಲ್ಲ, ಅದು ಅಪಾಯಕಾರಿ ಆಯುಧವೆಂದೇ ಹೇಳಿತು.

ಸೀಟಿ ಕೊಂಡ ದಿನ ಗೆಳತಿ ಮನೆಯಲ್ಲೇ ಊದಿ ನೋಡಿದರಂತೆ. ಕೆಳಗಿನಿಂದ ವಾಚ್‌ಮನ್ ನಾಲ್ಕು ಮಹಡಿ ಓಡಿ ಬಂದ. "ರಿವಾಲ್ವರ್ ಆಗಿದ್ರ ಅವ ಕೆಳಗ ಓಡತಿದ್ದ ಅಕ್ಕಾ, ಸೀಟಿ ಅಂತ ಮ್ಯಾಲೆ ಓಡಿ ಬಂದ" ಎಂದು ಅವರೇ ನಕ್ಕರು. ಮುಂದಿನ ಭಾನುವಾರ ತಾವಳಿಗೆ ಬಂದರು. ಇಳಿಯುವಾಗ ಆ ತಿರುವಿನಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ರಸ್ತೆ ದಾಟಿದ ಮೇಲೆ ಬಿಟ್ಟರು.

ಪರವಾನಗಿಯ ಅರ್ಜಿ ಏನಾಯಿತು ಎಂದು ಮೊನ್ನೆ ಕೇಳಿದೆ. "ಹರದಿಲ್ಲ ಅಕ್ಕಾ, ಕಪಾಟಿನ್ಯಾಗ ಇಟ್ಟೀನಿ" ಎಂದರು. ಇರಲಿ. ಒಮ್ಮೆ ಹೆದರಿದವರಿಗೆ ಹೆದರಬೇಡಿ ಎಂದು ಹೇಳುವುದು ಸುಲಭ. ನಾವು ಈಗ ಮತ್ತೆ ಐದು ಜನ. ಆರನೆಯವರಾಗಿ ಬರುವ ಮನಸ್ಸಿದ್ದರೆ ಭಾನುವಾರ ಬೆಳಿಗ್ಗೆ ಆರೂವರೆಗೆ ಶಿವ ದೇವಾಲಯದ ಬಳಿ ಬನ್ನಿ. ಕೋಲು ನಿಮ್ಮದು, ಉಪ್ಪಿಟ್ಟು ನಮ್ಮದು.